ಉಳಿದ ಸಂವೇಗ ಎಲ್ಲಿಗೆ ಹೋಯಿತು?

(ಕೋಲಾರದಲ್ಲಿ ಪ್ರೌಢಶಾಲಾ ವಿಜ್ಞಾನ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೂ ಅದರ ಉತ್ತರವನ್ನೂ ಸೇರಿಸಿದ್ದೇನೆ.)

ಶಿಕ್ಷಕ ಮಿತ್ರರೇ, ಮಕ್ಕಳೇ,

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ನಡುರಾತ್ರಿ ಎಬ್ಬಿಸಿ ‘ಸಂವೇಗ ಎಂದರೇನು?’ ಎಂದು ಕೇಳಿ ನೋಡಿ. ಕಣ್ಣುಜ್ಜಿಕೊಳ್ಳುತ್ತಲೇ ಹೇಳುತ್ತಾಳೆ: ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ, ಏಕಮಾನ ಕಿಲೋಗ್ರಾಂ ಮೀಟರ್ ಪ್ರತಿ ಸೆಕೆಂಡ್. ಎರಡಕ್ಕೆ ಎರಡು ಅಂಕ. ಅಲ್ಲಿಗೇ ಬಿಡದೆ ಇನ್ನೊಂದು ಪ್ರಶ್ನೆ ಕೇಳಿ. ಯಾಕಮ್ಮಾ ಗುಣಿಸಿದರು? ಕೂಡಿಸಬಹುದಿತ್ತಲ್ಲ? ವೇಗವನ್ನು ವರ್ಗ ಮಾಡಿ ಗುಣಿಸಬಹುದಿತ್ತಲ್ಲ? ಆಗ ಅವಳು ಸುಮ್ಮನಾಗುತ್ತಾಳೆ. ಅದರಲ್ಲಿ ಅವಳ ತಪ್ಪೇನೂ ಇಲ್ಲ, ಯಾಕೆಂದರೆ ನಾವು ಆ ಪ್ರಶ್ನೆಯನ್ನು ತರಗತಿಯೊಳಗೆ ಬಿಟ್ಟುಕೊಂಡೇ ಇರುವುದಿಲ್ಲ.

ಈ ಪ್ರಶ್ನೆ ಸಣ್ಣದಲ್ಲ. ಹದಿನೇಳನೆಯ ಶತಮಾನದ ಯುರೋಪಿನ ದೊಡ್ಡ ತಲೆಗಳೆಲ್ಲ ಇದರ ಮೇಲೆ ಜಗಳವಾಡಿವೆ. ಚಲಿಸುವ ವಸ್ತುವಿನಲ್ಲಿ ಏನೋ ಒಂದು ‘ಇದೆ’, ಡಿಕ್ಕಿಯಲ್ಲಿ ಅದು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಏನೋ ಒಂದನ್ನು ಅಳೆಯುವುದು ಹೇಗೆ ಎಂಬುದು ಗೊತ್ತಿರಲಿಲ್ಲ. ಡಿಕ್ಕಿಗೆ ಮುಂಚೆ ಎಷ್ಟಿತ್ತೋ ಡಿಕ್ಕಿಯ ನಂತರವೂ ಅಷ್ಟೇ ಇರುವ ಮೊತ್ತ ಯಾವುದು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಈ ಗುಣಲಬ್ಧ. ಅಂದರೆ ಸಂವೇಗದ ಸಂರಕ್ಷಣೆ ಎಂಬುದು ಸಂವೇಗದ ಪಾಠದ ಕೊನೆಗೆ ಬರುವ ಬಾಲವಲ್ಲ, ಆ ಗುಣಾಕಾರ ಹುಟ್ಟಿದ್ದೇ ಅದರಿಂದ. ಕೋವಿಡ್ ನಂತರ ಪಠ್ಯದ ಹೊರೆ ಇಳಿಸುವಾಗ, ಶಾಲಾ ಪುಸ್ತಕ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ ತನ್ನ ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ ಸಂವೇಗದ ವ್ಯಾಖ್ಯೆಯನ್ನು ಉಳಿಸಿಕೊಂಡು ಸಂರಕ್ಷಣೆಯ ಭಾಗವನ್ನು ಕೈಬಿಟ್ಟಿತು. ಹೊರೆ ಇಳಿಯಿತೋ ಇಲ್ಲವೋ, ವ್ಯಾಖ್ಯೆ ಮಾತ್ರ ಅನಾಥವಾಯಿತು. ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ: ಪುಸ್ತಕದಲ್ಲಿ ಇರಲಿ, ಬಿಡಲಿ, ನೀವು ಡಿಕ್ಕಿಯಿಂದಲೇ ಪಾಠ ಶುರು ಮಾಡಿ.

ಅದಕ್ಕೆ ಬೇಕಾದ ಪ್ರಯೋಗಾಲಯ ನಿಮ್ಮ ಶಾಲೆಯ ಆಟದ ಕೋಣೆಯಲ್ಲಿದೆ. ಕೇರಂ ಬೋರ್ಡು ತನ್ನಿ, ಬೋರಿಕ್ ಪೌಡರ್ ಚೆನ್ನಾಗಿ ಉದುರಿಸಿ. ನಿಯಮದ ಪ್ರಕಾರ ಕೇರಂ ಕಾಯಿನ್ನಿನ ತೂಕ ಸುಮಾರು 5 ಗ್ರಾಂ, ಸ್ಟ್ರೈಕರ್ 15 ಗ್ರಾಂ ಮೀರಬಾರದು. ಸುಲಭವಾಗಲೆಂದು 5 ಮತ್ತು 15 ಎಂದೇ ಇಟ್ಟುಕೊಳ್ಳೋಣ. ಮೊದಲು ಒಂದು ಕಾಯಿನ್ನಿನಿಂದ ಇನ್ನೊಂದು ಕಾಯಿನ್ನಿಗೆ ನೇರವಾಗಿ ಹೊಡೆಯಿರಿ. ಹೊಡೆದದ್ದು ಹೆಚ್ಚುಕಡಿಮೆ ಅಲ್ಲಿಯೇ ನಿಲ್ಲುತ್ತದೆ, ಹೊಡೆಸಿಕೊಂಡದ್ದು ಅದೇ ವೇಗದಲ್ಲಿ ಹೊರಡುತ್ತದೆ. ಇದನ್ನು ಮಕ್ಕಳು ದಿನವೂ ನೋಡಿದ್ದಾರೆ, ಆದ್ದರಿಂದ ಯಾರೂ ಬೆರಗಾಗುವುದಿಲ್ಲ.

ಈಗ ಆಟದಲ್ಲಿ ಯಾರೂ ಮಾಡದ ಕೆಲಸ ಮಾಡಿ. ಸ್ಟ್ರೈಕರನ್ನು ಬೋರ್ಡಿನ ನಡುವೆ ಸುಮ್ಮನೆ ಇಡಿ. ಕಾಯಿನ್ನಿನಿಂದ ಅದಕ್ಕೆ ನೇರವಾಗಿ ಹೊಡೆಯಿರಿ. ಹಗುರವಾದದ್ದು ಭಾರವಾದದ್ದನ್ನು ಹೊಡೆದಾಗ ಏನಾಗುತ್ತದೆ? ಕಾಯಿನ್ ಹಿಂದಕ್ಕೆ ಪುಟಿಯುತ್ತದೆ, ಸ್ಟ್ರೈಕರ್ ನಿಧಾನವಾಗಿ ಮುಂದೆ ಸಾಗುತ್ತದೆ. ಡಿಕ್ಕಿಯಲ್ಲಿ ಶಕ್ತಿ ಸ್ವಲ್ಪವೂ ಪೋಲಾಗದಿದ್ದರೆ ಕಾಯಿನ್ ಬಂದ ವೇಗದ ಅರ್ಧದಲ್ಲಿ ಹಿಂದಕ್ಕೆ ಬರಬೇಕು, ಸ್ಟ್ರೈಕರ್ ಅದೇ ಅರ್ಧ ವೇಗದಲ್ಲಿ ಮುಂದಕ್ಕೆ ಹೋಗಬೇಕು. ಕಾಯಿನ್ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಬಂದಿತ್ತು ಎನ್ನಿ. ಗ್ರಾಮಿನಲ್ಲೇ ಲೆಕ್ಕ ಹಾಕಿದರೆ ಬಂದ ಸಂವೇಗ 5. ಡಿಕ್ಕಿಯ ನಂತರ ಸ್ಟ್ರೈಕರಿನ ಸಂವೇಗ 15 × ½, ಅಂದರೆ 7.5.

ಇಲ್ಲಿ ತರಗತಿಯನ್ನು ನಿಲ್ಲಿಸಿ. ಬಂದದ್ದು 5, ಸ್ಟ್ರೈಕರ್ ಒಂದೇ ಪಡೆದುಕೊಂಡದ್ದು 7.5. ಕಾಯಿನ್ ಬಳಿ ಇಲ್ಲದ್ದನ್ನು ಅದು ಕೊಟ್ಟದ್ದು ಹೇಗೆ? ಮಕ್ಕಳು ತಾವೇ ತಲೆ ಕೆರೆದುಕೊಳ್ಳಲಿ, ಅವಸರ ಮಾಡಬೇಡಿ. ‘ಸಾರ್, ಕಾಯಿನ್ ಹಿಂದಕ್ಕೆ ಬರುತ್ತಿದೆಯಲ್ಲ’ ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಹಿಂದಕ್ಕೆ ಬರುವ ಕಾಯಿನ್ನಿನ ಸಂವೇಗ 5 × ½, ಅಂದರೆ 2.5, ಆದರೆ ದಿಕ್ಕು ತಿರುಗಿರುವುದರಿಂದ ಅದಕ್ಕೆ ಮೈನಸ್. 7.5ರಲ್ಲಿ 2.5 ಕಳೆದರೆ 5. ಮಂಡಿಯ ಲೆಕ್ಕದ ಪುಸ್ತಕದಲ್ಲಿ ಸಾಲವನ್ನು ಬರೆಯದೆ ಬರೀ ಜಮೆಯನ್ನು ಕೂಡಿದರೆ ಎಂತಹ ಅನಾಹುತವೋ, ಮೈನಸ್ ಬಿಟ್ಟು ಸಂವೇಗ ಕೂಡುವುದೂ ಅಂತಹದೇ. ದಿಕ್ಕಿರುವುದು ಸದಿಶ, ದಿಕ್ಕಿಲ್ಲದ್ದು ಅದಿಶ ಎಂದು ನಾವು ಕಪ್ಪುಹಲಗೆಯ ಮೇಲೆ ಎರಡು ಕಂಬಸಾಲು ಹಾಕಿ ಬರೆಸುವುದಕ್ಕಿಂತ ಈ ಒಂದು ಹೊಡೆತ ಹೆಚ್ಚು ಕಲಿಸುತ್ತದೆ.

ಮೈನಸ್ ಬಿಟ್ಟವರಲ್ಲಿ ನಮ್ಮ ಮಕ್ಕಳು ಮೊದಲಿಗರೇನಲ್ಲ. ಫ್ರಾನ್ಸಿನ ರೆನೆ ಡೆಕಾರ್ಟ್ 1644ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಜಗತ್ತಿನ ಒಟ್ಟು ‘ಚಲನೆಯ ಪ್ರಮಾಣ’ ಬದಲಾಗುವುದಿಲ್ಲ ಎಂದು ಸಾರಿದ. ಆ ಪ್ರಮಾಣ ಎಂದರೆ ವಸ್ತುವಿನ ಗಾತ್ರ ಮತ್ತು ಜವದ ಗುಣಲಬ್ಧ. ದಿಕ್ಕಿಗೆ ಅದರಲ್ಲಿ ಜಾಗವಿರಲಿಲ್ಲ. ಎರಡು ಜೇಡಿಮಣ್ಣಿನ ಉಂಡೆಗಳು ಎದುರುಬದುರಾಗಿ ಬಂದು ಅಂಟಿಕೊಂಡು ನಿಂತರೆ ಡೆಕಾರ್ಟನ ಲೆಕ್ಕ ಅಲ್ಲೇ ಮುಗ್ಗರಿಸುತ್ತದೆ: ಇದ್ದದ್ದೆಲ್ಲ ಮಾಯ. ದಿಕ್ಕು ಸೇರಿಸಿದರೆ ಮೊದಲೂ ಸೊನ್ನೆ, ಆಮೇಲೂ ಸೊನ್ನೆ. ಅವನ ಇನ್ನೊಂದು ನಿಯಮವಂತೂ ಚೋದ್ಯ. ನಿಂತಿರುವ ದೊಡ್ಡ ವಸ್ತುವನ್ನು ಚಿಕ್ಕ ವಸ್ತು ಎಷ್ಟೇ ಜೋರಾಗಿ ಬಂದು ಹೊಡೆದರೂ ಅಲುಗಾಡಿಸಲಾರದಂತೆ! ಕೇರಂ ಆಡುವ ಯಾವ ಹುಡುಗನಾದರೂ ಇದನ್ನು ಒಪ್ಪುತ್ತಾನೆಯೇ? ದೊಡ್ಡವರು ಬರೆದ ಮಾತನ್ನು ಬೋರ್ಡಿನ ಮೇಲೆ ಹೊಡೆದು ನೋಡಬಹುದು ಎಂಬುದು ಮಕ್ಕಳಿಗೆ ತಿಳಿಯಲಿ ಎಂದೇ ಈ ಕಥೆಯನ್ನು ಹೇಳುತ್ತೇನೆ.

ಲಂಡನ್ನಿನ ರಾಯಲ್ ಸೊಸೈಟಿ 1668ರಲ್ಲಿ ಡಿಕ್ಕಿಯ ನಿಯಮಗಳನ್ನು ಬಿಡಿಸಿಕೊಡಿ ಎಂದು ಕೇಳಿತು. ವಾಲಿಸ್, ರೆನ್, ಹೈಗನ್ಸ್ ಮೂವರೂ ಉತ್ತರ ಕಳಿಸಿದರು. ಅಂಟಿಕೊಳ್ಳುವ ಡಿಕ್ಕಿಯನ್ನು ವಾಲಿಸ್ ಬಿಡಿಸಿದ, ಪುಟಿಯುವ ಡಿಕ್ಕಿಯನ್ನು ಉಳಿದಿಬ್ಬರು. 1687ರಲ್ಲಿ ನ್ಯೂಟನ್ ಇದೆಲ್ಲವನ್ನೂ ಒಂದೇ ಚೌಕಟ್ಟಿಗೆ ತಂದ. ಬಲ ಎಂದರೆ ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ ಎಂದು ನಾವು ಉರು ಹೊಡೆಸುತ್ತೇವಲ್ಲ, ಆ ರೂಪದಲ್ಲಿ ನ್ಯೂಟನ್ ಬರೆಯಲಿಲ್ಲ. ಬಲಕ್ಕೆ ತಕ್ಕಂತೆ ಚಲನೆಯ ಪ್ರಮಾಣ ಬದಲಾಗುತ್ತದೆ ಎಂದು, ಅಂದರೆ ಸಂವೇಗದ ಮಾತಿನಲ್ಲೇ, ಎರಡನೆಯ ನಿಯಮವನ್ನು ಹೇಳಿದ.

ವರ್ಗ ಮಾಡಬಹುದಿತ್ತಲ್ಲ ಎಂಬ ಪ್ರಶ್ನೆ ಹಾಗೇ ಉಳಿದಿದೆ. ಜರ್ಮನಿಯ ಲೈಬ್ನಿಟ್ಸ್ 1686ರಲ್ಲಿ ಅದನ್ನೇ ಹೇಳಿದ: ಉಳಿಯುವುದು ದ್ರವ್ಯರಾಶಿ ಮತ್ತು ವೇಗದ ವರ್ಗದ ಗುಣಲಬ್ಧ. ಡೆಕಾರ್ಟನ ಪಕ್ಷದವರಿಗೂ ಲೈಬ್ನಿಟ್ಸನ ಪಕ್ಷದವರಿಗೂ ಹತ್ತಾರು ವರ್ಷ ಜಟಾಪಟಿ ನಡೆಯಿತು. ಹಾಲೆಂಡಿನ ಗ್ರಾವೆಸಾಂಡೆ ಹಿತ್ತಾಳೆ ಗುಂಡುಗಳನ್ನು ಬೇರೆ ಬೇರೆ ಎತ್ತರದಿಂದ ಜೇಡಿಮಣ್ಣಿಗೆ ಬೀಳಿಸಿದಾಗ, ವೇಗ ಎರಡು ಪಟ್ಟಾದರೆ ಗುಂಡು ನಾಲ್ಕು ಪಟ್ಟು ಇಳಿಯಿತು. ಲೈಬ್ನಿಟ್ಸ್ ಹೇಳಿದ್ದರಲ್ಲೂ ಹುರುಳಿತ್ತು. ನ್ಯೂಟನ್ನನ ಗ್ರಂಥವನ್ನು ಫ್ರೆಂಚಿಗೆ ತಂದ ಎಮಿಲಿ ಡು ಶಾಟ್ಲೆ ಎಂಬ ಮಹಿಳೆ ಈ ಪ್ರಯೋಗದ ಮಹತ್ವವನ್ನು ಎತ್ತಿ ಹಿಡಿದಳು. ಲೈಬ್ನಿಟ್ಸನ ಆ ಗುಣಲಬ್ಧವನ್ನು ಇಂದು ನಾವು ಚಲನಶಕ್ತಿಯ ಹೆಸರಿನಲ್ಲಿ, ಅರ್ಧ ಎಂಬ ಗುಣಕ ಸೇರಿಸಿ, ಬೇರೆ ಅಧ್ಯಾಯದಲ್ಲಿ ಓದುತ್ತೇವೆ.

ಸಂವೇಗ, ಚಲನಶಕ್ತಿ ಎರಡರ ಲೆಕ್ಕವೂ ಸರಿ ಎಂಬುದನ್ನು ತೋರಿಸಲು ಐದಾರು ಒಂದು ರೂಪಾಯಿ ನಾಣ್ಯ ಸಾಕು. ನುಣ್ಣನೆಯ ಮೇಜಿನ ಮೇಲೆ ಎರಡು ಅಡಿಕೋಲುಗಳ ನಡುವೆ ಅವನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಇಡಿ. ಈ ತುದಿಗೆ ಒಂದು ನಾಣ್ಯದಿಂದ ಹೊಡೆದರೆ ಆ ತುದಿಯಿಂದ ಒಂದು ಹೊರಡುತ್ತದೆ. ಎರಡು ನಾಣ್ಯ ಒಟ್ಟಿಗೆ ಬಂದು ಹೊಡೆದರೆ ಎರಡು ಹೊರಡುತ್ತವೆ. ಈಗ ಮಕ್ಕಳನ್ನು ಕೆಣಕಿ: ಎರಡು ಬಂದಾಗ ಒಂದೇ ನಾಣ್ಯ ಎರಡು ಪಟ್ಟು ವೇಗದಲ್ಲಿ ಯಾಕೆ ಹೊರಡಬಾರದು? ಸಂವೇಗದ ಲೆಕ್ಕಕ್ಕೆ ತಕರಾರೇ ಇಲ್ಲ, ಎರಡೊಂದ್ಲೆ ಎರಡು, ಒಂದೆರಡ್ಲೆ ಎರಡು. ಆದರೆ ಚಲನಶಕ್ತಿಯ ಲೆಕ್ಕದಲ್ಲಿ ವರ್ಗವಿದೆಯಲ್ಲ, ಅದು ದುಪ್ಪಟ್ಟಾಗಿಬಿಡುತ್ತದೆ. ಇಲ್ಲದ ಶಕ್ತಿ ಎಲ್ಲಿಂದ ಬರಬೇಕು? ಎರಡು ಲೆಕ್ಕಗಳೂ ಒಟ್ಟಿಗೆ ಒಪ್ಪುವ ದಾರಿ ಒಂದೇ, ನಾಣ್ಯಗಳು ಹಿಡಿಯುವುದೂ ಅದನ್ನೇ. ಒಂದು ಎಚ್ಚರಿಕೆ: ಚಲನಶಕ್ತಿ ಬಿಸಿಯಾಗಿ, ಸದ್ದಾಗಿ ಸೋರಿಹೋಗಬಹುದು, ಹೋಗುತ್ತದೆ ಕೂಡ. ಸಂವೇಗಕ್ಕೆ ಹಾಗೆ ವೇಷ ಬದಲಿಸುವ ಸೌಲಭ್ಯವಿಲ್ಲ. ಅದು ಸಂವೇಗವಾಗಿಯೇ ಎಲ್ಲೋ ಇರಬೇಕು.

ಹಾಗಾದರೆ ಗೋಡೆಗೆ ಬಡಿದ ಚೆಂಡಿನ ಕಥೆ ಏನು? ಜಾಣ ಮಕ್ಕಳು ಕೇಳಿಯೇ ಕೇಳುತ್ತಾರೆ, ಕೇಳದಿದ್ದರೆ ನೀವೇ ಕೇಳಿ. 160 ಗ್ರಾಮಿನ ಕ್ರಿಕೆಟ್ ಚೆಂಡು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಗೋಡೆಗೆ ಬಡಿದು 10 ಮೀಟರ್ ವೇಗದಲ್ಲಿ ಹಿಂತಿರುಗಿತು. ಸಂವೇಗದ ಬದಲಾವಣೆ 0.16 × 30, ಅಂದರೆ 4.8. (ಪರೀಕ್ಷೆಯಲ್ಲಿ ಅರ್ಧ ತರಗತಿ 30ರ ಜಾಗದಲ್ಲಿ 10 ಬರೆದಿರುತ್ತದೆ, ಮತ್ತೆ ಅದೇ ಮೈನಸ್.) ಗೋಡೆ ಅಲುಗಲಿಲ್ಲ, 4.8 ಎಲ್ಲಿ? ಗೋಡೆಗೆ ಹೋಯಿತು, ಗೋಡೆಯಿಂದ ಪಾಯಕ್ಕೆ, ಪಾಯದಿಂದ ಭೂಮಿಗೆ. ಭೂಮಿಯ ದ್ರವ್ಯರಾಶಿ 6ರ ಮುಂದೆ 24 ಸೊನ್ನೆ ಇಟ್ಟಷ್ಟು ಕಿಲೋಗ್ರಾಂ. ಭಾಗಿಸಿದರೆ ಭೂಮಿಗೆ ಬಂದ ವೇಗ ದಶಮಾಂಶ ಬಿಂದುವಿನ ನಂತರ 24 ಸೊನ್ನೆ ಇಟ್ಟು ಆಮೇಲೆ 8 ಬರೆದಷ್ಟು ಮೀಟರ್. ಯಾರೂ ಅಳೆಯಲಾಗದ ಸಂಖ್ಯೆ. ಆದರೂ ಬರೆಯಿಸಿ. ‘ಗೋಡೆಗೆ ಬಡಿದರೆ ಸಂವೇಗ ಹೋಗಿಬಿಡುತ್ತದೆ’ ಎಂಬ ಅಸಡ್ಡೆಯ ಉತ್ತರ ಒಮ್ಮೆ ಒಪ್ಪಿತವಾಗಿಬಿಟ್ಟರೆ ನಿಯಮಕ್ಕೆ ಬೆಲೆಯೇ ಉಳಿಯುವುದಿಲ್ಲ.

ಬಲ ಮತ್ತು ಸಮಯದ ಮಾತಿಗೆ ನಮ್ಮೂರಿನಲ್ಲಿ ದೂರ ಹೋಗಬೇಕಿಲ್ಲ. ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ ತುಂಬಿದ 15 ಕೆ.ಜಿ. ಕ್ರೇಟುಗಳನ್ನು ಲಾರಿಯ ಮೇಲಿಂದ ಕೆಳಗಿನವರ ಕೈಗೆ ದಾಟಿಸುವುದನ್ನು ನಿಂತು ನೋಡಿ. ಹಿಡಿಯುವವನು ತೋಳನ್ನು ಸೆಟೆದು ನಿಲ್ಲುವುದಿಲ್ಲ. ಕ್ರೇಟು ಕೈಗೆ ತಾಗಿದ ಕೂಡಲೇ ಮೊಣಕೈ ಮಡಿಸಿ, ಮೊಣಕಾಲು ಬಾಗಿಸಿ ಅದರ ಜೊತೆಗೇ ಸ್ವಲ್ಪ ಕೆಳಗಿಳಿಯುತ್ತಾನೆ. ಒಂದೇ ಹಣ್ಣಿನ ಲೆಕ್ಕ ಹಾಕೋಣ. 100 ಗ್ರಾಮಿನ ಹಣ್ಣು ಸೆಕೆಂಡಿಗೆ 10 ಮೀಟರ್ ವೇಗದಲ್ಲಿದ್ದರೆ ಸಂವೇಗ 1. ಗೋಡೆ ಅದನ್ನು ಸೆಕೆಂಡಿನ ಇನ್ನೂರರ ಒಂದು ಭಾಗದಲ್ಲಿ ನಿಲ್ಲಿಸಿದರೆ ಬಲ 200 ನ್ಯೂಟನ್, ಅಂದರೆ ಹಣ್ಣಿನ ಮೇಲೆ 20 ಕೆ.ಜಿ. ಇಟ್ಟಂತೆ. ಹಿಡಿದ ಟವೆಲು ಅದನ್ನು ಸೆಕೆಂಡಿನ ಹತ್ತರ ಒಂದು ಭಾಗದಲ್ಲಿ ನಿಲ್ಲಿಸಿದರೆ ಬಲ 10 ನ್ಯೂಟನ್, ಒಂದು ಕೆ.ಜಿ. ತೂಕ. ಎರಡರಲ್ಲೂ ಹಣ್ಣು ಬಿಟ್ಟುಕೊಟ್ಟ ಸಂವೇಗ ಒಂದೇ. ಒಂದರಲ್ಲಿ ಸಾರಿಗೂ ಬಾರದ ರಸ, ಇನ್ನೊಂದರಲ್ಲಿ ಮಾರಬಹುದಾದ ಹಣ್ಣು. ಹೆಲ್ಮೆಟ್ಟಿನ ಒಳಗಿನ ಥರ್ಮೋಕೋಲ್, ಕಾರಿನ ಏರ್‌ಬ್ಯಾಗ್ ಮಾಡುವುದೂ ಇಷ್ಟೇ ಕೆಲಸ. ಇದನ್ನು ಎಲ್ಲ ಪುಸ್ತಕಗಳೂ ಚೆನ್ನಾಗಿಯೇ ಹೇಳುತ್ತವೆ, ನಾನು ಬೆಳೆಸುವುದಿಲ್ಲ.

ರಾಕೆಟ್ಟಿನ ಬಗ್ಗೆಯೂ ಎರಡೇ ಮಾತು. ಹೈದರಾಲಿ ಹುಟ್ಟಿದ್ದು ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ. ಅವನೂ ಅವನ ಮಗ ಟಿಪ್ಪುವೂ ಬಳಸಿದ ರಾಕೆಟ್ಟುಗಳ ಹೆಚ್ಚುಗಾರಿಕೆ ಕಬ್ಬಿಣದ ಕೊಳವೆಯಲ್ಲಿತ್ತು. ಬಿದಿರು, ಕಾಗದದ ಕೊಳವೆ ತಾಳಲಾರದ ಒತ್ತಡವನ್ನು ಕಬ್ಬಿಣ ತಾಳುತ್ತಿತ್ತು, ಅನಿಲ ಹೆಚ್ಚು ವೇಗದಲ್ಲಿ ಹಿಂದಕ್ಕೆ ನುಗ್ಗುತ್ತಿತ್ತು, ಅಷ್ಟೇ ಸಂವೇಗ ಕೊಳವೆಗೆ ಮುಂದಕ್ಕೆ ಸಿಗುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಕೊಳವೆಗಳು ಇಂಗ್ಲೆಂಡಿಗೆ ಹೋದವು, ಅಲ್ಲಿಯ ವಿಲಿಯಂ ಕಾಂಗ್ರೀವ್ ಎಂಬಾತ ಅವನ್ನು ನೋಡಿ ತನ್ನ ರಾಕೆಟ್ ಮಾಡಿದ. ಹಿಂದಕ್ಕೆ ನುಗ್ಗುವ ಅನಿಲಕ್ಕೆ ತಳ್ಳಲು ಗಾಳಿ ಬೇಕು ಎಂಬ ತಪ್ಪು ಕಲ್ಪನೆ ನಮ್ಮ ಮಕ್ಕಳಲ್ಲಿ ಇವತ್ತಿಗೂ ಇದೆ. 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೂ ಅದನ್ನೇ ನಂಬಿ ರಾಬರ್ಟ್ ಗೊಡಾರ್ಡ್ ಎಂಬ ವಿಜ್ಞಾನಿಗೆ ಹೈಸ್ಕೂಲಿನ ಜ್ಞಾನವೂ ಇಲ್ಲ ಎಂದು ಸಂಪಾದಕೀಯದಲ್ಲಿ ಹಂಗಿಸಿತ್ತು. ಅಪೊಲೊ 11 ಚಂದ್ರನತ್ತ ಹೊರಟ ಮರುದಿನ, 1969ರ ಜುಲೈ 17ರಂದು, ತಿದ್ದುಪಡಿ ಪ್ರಕಟಿಸಿತು.

ಈಗ ನಾನು ಹೇಳಬೇಕೆಂದು ಬಂದ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ನಾವು ಲೆಕ್ಕ ಸರಿಹೋಗುವುದನ್ನು ನೋಡಿದೆವು. ಲೆಕ್ಕ ಸರಿಹೋಗದೆ ಇದ್ದಾಗಲೇ ಸಂವೇಗದ ನಿಜವಾದ ಉಪಯೋಗ.

1932ರ ಆರಂಭ. ಬೆರಿಲಿಯಂ ಲೋಹದ ಮೇಲೆ ಆಲ್ಫಾ ಕಣಗಳನ್ನು ಬಿಟ್ಟರೆ ಕಣ್ಣಿಗೆ ಕಾಣದ, ವಿದ್ಯುದಾವೇಶವಿಲ್ಲದ ಏನೋ ಒಂದು ಹೊರಬರುತ್ತಿತ್ತು. ಅದನ್ನು ಮೇಣದ ಮೇಲೆ ಬಿಟ್ಟರೆ ಮೇಣದಲ್ಲಿದ್ದ ಹೈಡ್ರೋಜನ್ ಪರಮಾಣುವಿನ ಬೀಜಗಳು, ಅಂದರೆ ಪ್ರೋಟಾನುಗಳು, ಚಿಮ್ಮುತ್ತಿದ್ದವು. ಪ್ಯಾರಿಸ್ಸಿನಲ್ಲಿ ಅದನ್ನು ಗಾಮಾ ಕಿರಣ ಎಂದುಕೊಂಡರು. ಕೇಂಬ್ರಿಜ್ಜಿನ ಜೇಮ್ಸ್ ಚಾಡ್ವಿಕ್ ನಂಬಲಿಲ್ಲ. ಬೆಳಕಿನಂತಹ ಕಿರಣವೊಂದು ಪ್ರೋಟಾನನ್ನು ಅಷ್ಟು ಜೋರಾಗಿ ತಳ್ಳಬೇಕಾದರೆ ಅದಕ್ಕೆ ನಂಬಲಾಗದಷ್ಟು ಶಕ್ತಿ ಬೇಕಿತ್ತು. ಅದು ಪ್ರೋಟಾನಿನಷ್ಟೇ ತೂಕದ ಕಣವಾಗಿದ್ದರೆ? ಕಾಣದ ಕಣವನ್ನು ತೂಗುವುದು ಹೇಗೆ? ಅದು ಯಾರಿಗೆ ಡಿಕ್ಕಿ ಹೊಡೆಯಿತೋ ಅವರನ್ನು ನೋಡಬೇಕು.

ಮಕ್ಕಳೇ, ಈ ಲೆಕ್ಕ ನಿಮಗೆ ಬರುತ್ತದೆ, ಪೆನ್ನು ತೆಗೆದುಕೊಳ್ಳಿ. ನಿಂತಿರುವ ವಸ್ತುವಿಗೆ ಇನ್ನೊಂದು ನೇರವಾಗಿ ಹೊಡೆದು ಶಕ್ತಿ ಪೋಲಾಗದಿದ್ದರೆ, ಹೊಡೆಸಿಕೊಂಡದ್ದರ ವೇಗ ಸಿಗುವುದು ಹೀಗೆ: ಹೊಡೆದದ್ದರ ದ್ರವ್ಯರಾಶಿಯ ಎರಡರಷ್ಟನ್ನು ಎರಡರ ಒಟ್ಟು ದ್ರವ್ಯರಾಶಿಯಿಂದ ಭಾಗಿಸಿ, ಬಂದ ವೇಗದಿಂದ ಗುಣಿಸಬೇಕು. ಕಾಯಿನ್, ಸ್ಟ್ರೈಕರಿಗೆ ಹಾಕಿ ನೋಡಿ: 10 ಭಾಗಿಸು 20, ಅರ್ಧ. ಸರಿಹೋಯಿತಲ್ಲ? ಚಾಡ್ವಿಕ್ ಆ ಅಜ್ಞಾತ ಕಣವನ್ನು ಒಮ್ಮೆ ಹೈಡ್ರೋಜನ್ನಿಗೆ, ಒಮ್ಮೆ ನೈಟ್ರೋಜನ್ನಿಗೆ ಹೊಡೆಸಿದ. ಹೈಡ್ರೋಜನ್ನಿನ ದ್ರವ್ಯರಾಶಿ 1, ನೈಟ್ರೋಜನ್ನಿನದು 14. ಪ್ರೋಟಾನ್ ಹೆಚ್ಚೆಂದರೆ ಸೆಕೆಂಡಿಗೆ 3 ಕೋಟಿ 30 ಲಕ್ಷ ಮೀಟರ್ ವೇಗದಲ್ಲಿ ಚಿಮ್ಮಿತು, ನೈಟ್ರೋಜನ್ 47 ಲಕ್ಷ ಮೀಟರ್ ವೇಗದಲ್ಲಿ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸುಮಾರು 7. ಅಜ್ಞಾತ ಕಣದ ದ್ರವ್ಯರಾಶಿ ‘ಕ್ಷ’ ಆಗಿರಲಿ. ಭಾಗಿಸುವಾಗ ಅದು ಬಂದ ವೇಗ ಮೇಲೂ ಕೆಳಗೂ ಹೊಡೆದುಹೋಗುತ್ತದೆ, ಅದು ನಮಗೆ ಗೊತ್ತಿರಬೇಕಾದ್ದೇ ಇಲ್ಲ! ಉಳಿಯುವುದು ಇಷ್ಟು: ಕ್ಷ + 14 ಎಂಬುದು ಕ್ಷ + 1ರ ಏಳು ಪಟ್ಟು. ಬಿಡಿಸಿದರೆ 6ಕ್ಷ = 7. ಕ್ಷ = 1.17. ಅಳತೆಯ ಒರಟುತನವನ್ನು ಬಿಟ್ಟರೆ, ಪ್ರೋಟಾನಿನಷ್ಟೇ ತೂಕ. ನ್ಯೂಟ್ರಾನ್ ಸಿಕ್ಕಿತು, 1935ರಲ್ಲಿ ನೊಬೆಲ್ ಬಂತು. ಎಂಟನೆಯ ತರಗತಿಯ ಬೀಜಗಣಿತ, ಒಂಬತ್ತನೆಯ ತರಗತಿಯ ಸಂವೇಗ.

ಇದಕ್ಕೂ ಗಟ್ಟಿಯಾದ ಇನ್ನೊಂದು ಕಥೆಯಿದೆ, ಅದರ ಒಂದು ತುದಿ ನಮ್ಮ ಜಿಲ್ಲೆಯಲ್ಲೇ ಇದೆ. ನಿಂತಿರುವ ಒಂದು ಬೀಜ ಎರಡೇ ತುಂಡಾಗಿ ಸಿಡಿದರೆ ತುಂಡುಗಳು ನೇರ ಎದುರು ದಿಕ್ಕಿಗೆ ಹೋಗಬೇಕು, ಎರಡರ ಸಂವೇಗವೂ ಸಮವಾಗಿರಬೇಕು. ಮೊದಲು ಸೊನ್ನೆಯಿತ್ತಲ್ಲ. ಬಿಡುಗಡೆಯಾಗುವ ಶಕ್ತಿ ನಿಗದಿಯಾಗಿದ್ದರೆ ಪ್ರತಿಯೊಂದರ ಪಾಲೂ ಪ್ರತಿ ಸಲವೂ ಒಂದೇ ಆಗಿರಬೇಕು. ಬೀಟಾ ಕ್ಷಯದಲ್ಲಿ, ಅಂದರೆ ಬೀಜವೊಂದು ಇಲೆಕ್ಟ್ರಾನನ್ನು ಉಗುಳಿ ಬದಲಾಗುವಾಗ, ಹಾಗಾಗುತ್ತಿರಲಿಲ್ಲ. ಬೀಜದಿಂದ ಹೊರಬರುವ ಇಲೆಕ್ಟ್ರಾನ್ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ, ಮನಸ್ಸಿಗೆ ಬಂದಷ್ಟು ಶಕ್ತಿ ಹೊತ್ತು ಬರುತ್ತಿತ್ತು. ನೀಲ್ಸ್ ಬೋರ್ ಅಂತಹ ದೊಡ್ಡವರೇ ಪರಮಾಣುವಿನೊಳಗೆ ಶಕ್ತಿ ಸಂರಕ್ಷಣೆ ಸರಾಸರಿಯಾಗಿ ಮಾತ್ರ ನಿಜವಿರಬಹುದು ಎಂದು ಕೈಚೆಲ್ಲಲು ಸಿದ್ಧರಾಗಿದ್ದರು. ವುಲ್ಫ್‌ಗ್ಯಾಂಗ್ ಪೌಲಿ ಒಪ್ಪಲಿಲ್ಲ. 1930ರ ಡಿಸೆಂಬರಿನಲ್ಲಿ ಟ್ಯೂಬಿಂಗನ್‌ನ ಸಭೆಗೆ ಕಾಗದ ಬರೆದ: ಮೂರನೆಯ ಕಣವೊಂದಿದೆ, ಆವೇಶವಿಲ್ಲ, ಕಾಣುವುದಿಲ್ಲ, ಬಾಕಿ ಲೆಕ್ಕ ಅದರ ಬಳಿ ಇದೆ. ತಾನೇ ಹೋಗದೆ ಕಾಗದ ಕಳಿಸಲು ಕಾರಣ, ಜ್ಯೂರಿಕ್‌ನಲ್ಲಿ ಒಂದು ನೃತ್ಯಕೂಟವಿತ್ತು! ಫರ್ಮಿ ಅದಕ್ಕೆ ನ್ಯೂಟ್ರಿನೋ ಎಂಬ ಹೆಸರನ್ನು ಬಳಕೆಗೆ ತಂದ. 1956ರಲ್ಲಿ ರೈನ್ಸ್ ಮತ್ತು ಕೋವನ್ ಅಣುಸ್ಥಾವರದ ಪಕ್ಕದಲ್ಲಿ ಅದನ್ನು ಪತ್ತೆ ಹಚ್ಚಿದರು.

ಅದೇ ಹೊತ್ತಿಗೆ ಹಂಗೆರಿಯ ಡೆಬ್ರೆಟ್ಸೆನ್‌ನಲ್ಲಿ ಇಬ್ಬರು ವಿಜ್ಞಾನಿಗಳು ಹೀಲಿಯಂ-6 ಬೀಜದ ಕ್ಷಯವನ್ನು ಮೋಡಕೋಠಿಯಲ್ಲಿ (ಕಣ ಹೋದ ದಾರಿಯಲ್ಲಿ ಮಂಜಿನ ಗೆರೆ ಮೂಡಿಸುವ ಪೆಟ್ಟಿಗೆ) ಫೋಟೋ ತೆಗೆದರು. ಒಂದು ಬಿಂದುವಿನಿಂದ ಎರಡು ಗೆರೆ ಹೊರಟಿವೆ: ಉದ್ದನೆಯದು ಇಲೆಕ್ಟ್ರಾನಿನದು, ಗಿಡ್ಡಗೆ ದಪ್ಪಗಿರುವುದು ಹಿಮ್ಮೆಟ್ಟಿದ ಬೀಜದ್ದು. ಎರಡೂ ಎದುರುಬದುರಾಗಿಲ್ಲ, ಒಂದೇ ಕಡೆಗೆ ವಾಲಿಕೊಂಡಿವೆ. ಈ ಚಿತ್ರವನ್ನು ತರಗತಿಯಲ್ಲಿ ತೋರಿಸಿ, ವಿವರಣೆ ಕೊಡಬೇಡಿ. ಎರಡೂ ಈ ಕಡೆಗೆ ವಾಲಿದ್ದರೆ ಆ ಕಡೆಗೆ ಹೋದವರು ಯಾರು ಎಂದಷ್ಟೇ ಕೇಳಿ. ಕೇರಂ ಬೋರ್ಡಿನ ಮೇಲೆ ಮೈನಸ್ ಹುಡುಕಿದ ಮಕ್ಕಳಿಗೆ ಉತ್ತರ ಹೊಳೆಯುತ್ತದೆ.

ಇನ್ನು ಕೆಜಿಎಫ್, ನಮ್ಮ ಕೋಲಾರದ ಚಿನ್ನದ ಗಣಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್, ಹೋಮಿ ಭಾಭಾ ಅವರ ಮಾತಿನಂತೆ, 1950ರ ದಶಕದ ಆರಂಭದಲ್ಲೇ ಉಪಕರಣ ಹೊತ್ತು ಅಲ್ಲಿಗೆ ಬಂದರು. ಆಕಾಶದಿಂದ ಸುರಿಯುವ ಮ್ಯೂಯಾನ್ ಎಂಬ ಕಣಗಳು ಬಂಡೆಯೊಳಗೆ ಎಷ್ಟು ಆಳಕ್ಕೆ ಇಳಿಯುತ್ತವೆ ಎಂದು ಅಳೆಯುವುದು ಉದ್ದೇಶ. ಆಳಕ್ಕೆ ಹೋದಂತೆಲ್ಲ ಅವು ವಿರಳವಾದವು. ಮಿಕ್ಕೆಲ್ಲ ಕಣಗಳ ಗದ್ದಲ ಅಡಗಿದ ಅಂತಹ ಜಾಗವೇ ನ್ಯೂಟ್ರಿನೋ ಹಿಡಿಯಲು ಸರಿ ಎಂದು 1960ರ ದಶಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಸೇರಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಪತ್ತೆ ಯಂತ್ರಗಳನ್ನು ನಿಲ್ಲಿಸಿದರು. ನಿಲ್ಲಿಸಿದರು ಎಂಬುದನ್ನು ಗಮನಿಸಿ. ಕಣ ತಾಗಿದರೆ ಮಿನುಗುವ ಹಲಗೆಗಳನ್ನು ಮಲಗಿಸದೆ ಎದುರುಬದುರಾಗಿ ಗೋಡೆಯಂತೆ ನಿಲ್ಲಿಸಿ, ನಡುವೆ ನಿಯಾನ್ ಕೊಳವೆಗಳನ್ನು ಜೋಡಿಸಿದ್ದರು.

ಯಾಕೆ? ಮೇಲಿನಿಂದ ಬರುವ ಮ್ಯೂಯಾನಿಗೆ ದಾಟಬೇಕಾದ ಬಂಡೆ 2.3 ಕಿಲೋಮೀಟರ್. ಅಡ್ಡಡ್ಡವಾಗಿ ಬರಬೇಕೆಂದರೆ ಬಂಡೆ ಹತ್ತಾರು ಕಿಲೋಮೀಟರ್ ದಪ್ಪ, ಯಾವ ಮ್ಯೂಯಾನೂ ದಾಟಲಾರದು. ಆದ್ದರಿಂದ ಅಡ್ಡಲಾಗಿ ಗೆರೆ ಎಳೆದುಕೊಂಡು ಹೋದ ಮ್ಯೂಯಾನ್ ಆಕಾಶದ್ದಲ್ಲ, ಪಕ್ಕದ ಬಂಡೆಯಲ್ಲೇ ಆಗ ತಾನೇ ಹುಟ್ಟಿದ್ದು. ಹುಟ್ಟಿಸಿದ್ದು ಭೂಮಿಯನ್ನೇ ಲೆಕ್ಕಿಸದೆ ಅಡ್ಡಲಾಗಿ ಬಂದ ನ್ಯೂಟ್ರಿನೋ. ಮ್ಯೂಯಾನ್ ಹೋದ ದಿಕ್ಕೇ ನ್ಯೂಟ್ರಿನೋ ಬಂದ ದಿಕ್ಕು ಎಂದು ಹೇಳುವ ಧೈರ್ಯ ಎಲ್ಲಿಂದ ಬಂತು? ಡಿಕ್ಕಿಗೆ ಮುಂಚೆ ಇದ್ದ ಸಂವೇಗವೆಲ್ಲ ನ್ಯೂಟ್ರಿನೋದ್ದು, ಮುಂದಿನ ದಿಕ್ಕಿನದು. ಪಕ್ಕದ ದಿಕ್ಕಿನಲ್ಲಿ ಸೊನ್ನೆ. ಡಿಕ್ಕಿಯ ನಂತರವೂ ಪಕ್ಕದ ಲೆಕ್ಕ ಸೊನ್ನೆಗೆ ಬರಬೇಕು, ಮುಂದಿನ ಲೆಕ್ಕ ಮುಂದಕ್ಕೇ ಹೋಗಬೇಕು. ಮ್ಯೂಯಾನ್ ಹೆಚ್ಚುಕಡಿಮೆ ಅದೇ ದಾರಿ ಹಿಡಿಯುತ್ತದೆ. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಸಿಕ್ಕಿದೆ ಎಂದು 1965ರಲ್ಲಿ ಅವರು ಪ್ರಕಟಿಸಿದರು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ರೈನ್ಸ್ ತಂಡಕ್ಕೂ ಅದು ಸಿಕ್ಕಿತ್ತು.

ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು, ಆಳದಲ್ಲಿ ನೀರು ತುಂಬಿದೆ. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸೈನೈಡ್ ದಿಬ್ಬಗಳನ್ನು ತೋರಿಸಲು ಮಕ್ಕಳನ್ನು ಕರೆದುಕೊಂಡು ಹೋಗುವ ಶಾಲೆಗಳು ಈ ಕಥೆಯನ್ನೂ ಅಲ್ಲೇ ನಿಂತು ಹೇಳಬೇಕು. ಚಿನ್ನದ ಲೆಕ್ಕ ಎಲ್ಲರಿಗೂ ಗೊತ್ತಿದೆ.

ಶಿಕ್ಷಕರಿಗೆ ಒಂದು ಕಸುಬಿನ ಮಾತು. ಕೇರಂ ಡಿಕ್ಕಿಯನ್ನು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಮೇಲಿನಿಂದ ಚಿತ್ರಿಸಿ, ಪಕ್ಕದಲ್ಲಿ ಅಡಿಕೋಲು ಇಡಿ. ಸೆಕೆಂಡಿಗೆ 120 ಚೌಕಟ್ಟು ಎಂದು ಗೊತ್ತಿದ್ದರೆ, ಎರಡು ಚೌಕಟ್ಟುಗಳ ನಡುವೆ ಕಾಯಿನ್ ಎಷ್ಟು ಸೆಂಟಿಮೀಟರ್ ಸರಿಯಿತು ಎಂದು ಅಳೆದು ವೇಗ ತೆಗೆಯಬಹುದು. ಮುಂಚಿನ ಮೊತ್ತ, ನಂತರದ ಮೊತ್ತ ಬರೆಸಿ. ಸರಿಹೊಂದುವುದಿಲ್ಲ, ಸ್ವಲ್ಪ ಕಡಿಮೆಯೇ ಬರುತ್ತದೆ. ಆಗ ಸಂಖ್ಯೆಯನ್ನು ತಿದ್ದಿ ಸರಿ ಮಾಡಿಕೊಳ್ಳುವ ಮಕ್ಕಳಿರುತ್ತಾರೆ, ನಮ್ಮ ಪ್ರಾಯೋಗಿಕ ಪರೀಕ್ಷೆಗಳು ಕಲಿಸಿದ ಚಾಳಿ ಅದು. ತಿದ್ದಲು ಬಿಡಬೇಡಿ. ಕೊರತೆ ಬಿದ್ದದ್ದು ಯಾರ ಪಾಲಾಯಿತು ಎಂದು ಕೇಳಿ. ಬೋರ್ಡು, ಮೇಜು, ನೆಲ ಎಂದು ಅವರೇ ಹುಡುಕಿಕೊಂಡು ಹೋಗಲಿ.

ಮಾತು ಮುಗಿಸಿದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: ‘ಸಾರ್, ಬೆಳಕಿಗೆ ದ್ರವ್ಯರಾಶಿ ಇಲ್ಲ ಎನ್ನುತ್ತಾರೆ. ಹಾಗಾದರೆ ಗುಣಲಬ್ಧ ಸೊನ್ನೆ. ಬೆಳಕಿಗೆ ಸಂವೇಗ ಇಲ್ಲವೇ?’

ಇದೆಯಮ್ಮಾ. ನಿನ್ನ ಪ್ರಶ್ನೆ ಆ ಗುಣಾಕಾರದ ಗಡಿಯನ್ನು ಸರಿಯಾಗಿ ಮುಟ್ಟಿದೆ. ಬೆಳಕಿನ ಸಂವೇಗ ಎಂದರೆ ಅದರ ಶಕ್ತಿಯನ್ನು ಬೆಳಕಿನ ವೇಗದಿಂದ ಭಾಗಿಸಿದಷ್ಟು. ರಷ್ಯಾದ ಲೆಬೆಡೆವ್ 1901ರಲ್ಲಿ ಗಾಜಿನ ಬುರುಡೆಯೊಳಗೆ ತೂಗುಬಿಟ್ಟ ಪುಟ್ಟ ತಗಡನ್ನು ಬೆಳಕಿನಿಂದಲೇ ತಳ್ಳಿ ತೋರಿಸಿದ. ಭೂಮಿಯ ವಾತಾವರಣದಾಚೆ ಒಂದು ಚದರ ಮೀಟರಿನ ಕಪ್ಪು ಹಲಗೆಯ ಮೇಲೆ ಸೂರ್ಯನ ಬೆಳಕು ಒತ್ತುವ ಬಲ ಒಂದು ನ್ಯೂಟನ್ನಿನ ಹತ್ತು ಲಕ್ಷದಲ್ಲಿ ನಾಲ್ಕೂವರೆ ಪಾಲು. ಕನ್ನಡಿಯಾದರೆ ಒಂಬತ್ತು, ಬೆಳಕು ತಿರುಗಿ ಹೋಗುತ್ತದಲ್ಲ. ಹತ್ತು ಚದರ ಮೀಟರಿನ ಕಪ್ಪು ಹಲಗೆ ದಿನವಿಡೀ, ಅಂದರೆ 86,400 ಸೆಕೆಂಡ್, ಬಿಸಿಲಿಗೆ ನಿಂತರೆ ಪಡೆಯುವ ಸಂವೇಗ ಸುಮಾರು 3.9.

ಇಷ್ಟಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಎನ್ನಬೇಡ. ಇನ್ಸಾಟ್-1ಎ ಉಪಗ್ರಹಕ್ಕೆ ಸೌರಫಲಕ ಒಂದೇ ಪಕ್ಕದಲ್ಲಿತ್ತು. ಬೆಳಕು ಆ ಪಕ್ಕವನ್ನು ಮಾತ್ರ ಒತ್ತಿ ಉಪಗ್ರಹವನ್ನು ತಿರುಗಿಸಬಾರದು ಎಂದು ಇನ್ನೊಂದು ಪಕ್ಕದಲ್ಲಿ ಸರಿದೂಗಿಸುವ ಪಟ ಇಟ್ಟಿದ್ದರು. 1982ರ ಏಪ್ರಿಲ್‌ನಲ್ಲಿ ಹಾರಿದ ಮೇಲೆ ಆ ಪಟ ಬಿಚ್ಚಿಕೊಳ್ಳಲಿಲ್ಲ. ಉಪಗ್ರಹವನ್ನು ನೆಟ್ಟಗೆ ನಿಲ್ಲಿಸಲು ಹಾಸನದ ನಿಯಂತ್ರಣ ಕೇಂದ್ರದವರು ಇಂಧನ ಸುಡುತ್ತಲೇ ಇರಬೇಕಾಯಿತು. ಬೇರೆ ತೊಂದರೆಗಳೂ ಸೇರಿಕೊಂಡು ಸೆಪ್ಟೆಂಬರ್ ಹೊತ್ತಿಗೆ ಇಂಧನ ಬರಿದಾಯಿತು, ಉಪಗ್ರಹವನ್ನು ಕೈಬಿಟ್ಟರು. ಮರುವರ್ಷ ಹೋದ ಇನ್ಸಾಟ್-1ಬಿ ತನ್ನ ಕೆಲಸ ಪೂರೈಸಿತು, ನಿನ್ನ ಅಜ್ಜಿಯ ಮನೆಗೆ ದೂರದರ್ಶನ ಬಂದದ್ದು ಬಹುಶಃ ಅದರಿಂದಲೇ.